ಗಂಗವ್ವನ ಗುಳಿಗೆ ನಿಲ್ಲಿಸಿದ ವಾರ

ಮೂವತ್ತೈದು ವರ್ಷ ಔಷಧದ ಕೌಂಟರಿನ ಹಿಂದೆ ನಿಂತೆ. ನಿಂತೆ ಎಂದರೆ ನಿಂತೇ ಇದ್ದೆ. ಅಲ್ಲಿದ್ದ ಒಂದೇ ಸ್ಟೂಲಿನ ಮೇಲೆ ಯಾವಾಗಲೂ ರಟ್ಟಿನ ಡಬ್ಬಿಗಳು ಕೂತಿರುತ್ತಿದ್ದವು. ಈಗ ಹಾವೇರಿಯಲ್ಲಿ ಮನೆಯ ಮುಂದೆ ಕುರ್ಚಿ ಹಾಕಿಕೊಂಡು ಮನಸಾರೆ ಕೂರುತ್ತೇನೆ. ನನ್ನ ತಂಗಿಯ ಮೊಮ್ಮಗಳು ಡಿ.ಫಾರ್ಮಾ ಮುಗಿಸಿ ಮೊನ್ನೆಯಷ್ಟೇ ಒಂದು ಅಂಗಡಿಯಲ್ಲಿ ಕೆಲಸಕ್ಕೆ ಸೇರಿದ್ದಾಳೆ. ನಾನು ಬರೆಯಲು ಕೂತದ್ದು ಕಂಡು, "ಅಜ್ಜಾ, ನೀ ಬರೇ ಗುಳಿಗಿ ಕತ್ತರಿಸಿ ಕೊಡತಿದ್ದಿ. ಅದರಾಗ ಬರಿಯೂದೇನೈತಿ?" ಎಂದು ನಕ್ಕಳು. ಅವಳಿಗಾಗಿಯೇ ಬರೆಯುತ್ತಿದ್ದೇನೆ. ಅವಳಂತೆ ಕತ್ತರಿ ಹಿಡಿದು ನಿಂತ ಉಳಿದವರೂ ಓದಲಿ.

ಕೆಲಸ ಕಲಿತದ್ದು ರಾಣೆಬೆನ್ನೂರಿನಲ್ಲಿ, ಒಬ್ಬ ಹಿರಿಯ ಡಾಕ್ಟರ ಖಾಸಗಿ ದವಾಖಾನೆಯಲ್ಲಿ. ಎಂಬತ್ತರ ದಶಕ ಆಗಷ್ಟೇ ಶುರುವಾಗಿತ್ತು. ಊರೆಲ್ಲ ಅವರನ್ನು ದೊಡ್ಡ ಡಾಕ್ಟರು ಅನ್ನುತ್ತಿತ್ತು. ಎತ್ತರ ನನ್ನ ಭುಜದವರೆಗೆ, ಧ್ವನಿ ಮಾತ್ರ ಬಸ್ ನಿಲ್ದಾಣದವರೆಗೆ. ರೋಗಿಗಳು ಮನೆಯಿಂದಲೇ ಬಾಟಲಿ ತರುತ್ತಿದ್ದರು. ಎಣ್ಣೆಯ ಬಾಟಲಿ, ಗುಲಾಬಿ ನೀರಿನ ಬಾಟಲಿ, ಒಮ್ಮೊಮ್ಮೆ ಹೇಳಬಾರದ ಬಾಟಲಿ. ಅದನ್ನು ತೊಳೆದು, ಮಿಕ್ಸ್ಚರ್ ತುಂಬಿ, ಪಕ್ಕಕ್ಕೆ ಹಲ್ಲುಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿ ಅಂಟಿಸಬೇಕು. ಒಂದು ಹಲ್ಲು ಒಂದು ಹೊತ್ತಿನ ಔಷಧ. ಗೋಂದು ನಮ್ಮದೇ, ಕಾಗದ ಹಳೆಯ ಕ್ಯಾಲೆಂಡರಿನದು. ಖಲಬತ್ತಿನಲ್ಲಿ ಗುಳಿಗೆ ಅರೆದು, ಪುಟ್ಟ ತಕ್ಕಡಿಯಲ್ಲಿ ತೂಗಿ, ಚೌಕ ಕಾಗದದಲ್ಲಿ ಪುಡಿ ಕಟ್ಟುವುದನ್ನೂ ಅವರೇ ಕಲಿಸಿದರು. ಪೊಟ್ಟಣದ ಮಡಿಕೆ ಸರಿ ಬರದಿದ್ದರೆ ಬಿಚ್ಚಿ ಮುಖದ ಮೇಲೆ ಊದುತ್ತಿದ್ದರು. ಎಷ್ಟು ಬಗೆಯ ಪುಡಿ ಹೀಗೆ ನನ್ನ ಮೂಗಿಗೆ ಹೋಗಿದೆಯೋ ಲೆಕ್ಕವಿಲ್ಲ. ಆ ದವಾಖಾನೆಯ ಸ್ಪಿರಿಟ್ಟು, ಓಮದ ನೀರು, ಕುದಿಯುವ ಸಿರಿಂಜುಗಳ ಹಬೆ ಸೇರಿ ಬರುತ್ತಿದ್ದ ವಾಸನೆಗೆ ಈಗಲೂ ಜೀವ ಹಾತೊರೆಯುತ್ತದೆ.

ಡಯಾಜೆಪಾಮ್ ಎಂಬ ಹೆಸರು ನಾನು ಕೇಳಿದ್ದು ಅಲ್ಲಿಯೇ. ಒಂದು ಮಧ್ಯಾಹ್ನ ಹಮಾಲನೊಬ್ಬನನ್ನು ನಾಲ್ವರು ಹೊತ್ತು ತಂದರು. ಕೈಕಾಲು ಸೆಟೆದು ಬಡಿದುಕೊಳ್ಳುತ್ತಿದ್ದವು, ಬಾಯಲ್ಲಿ ನೊರೆ. ಒಬ್ಬ ಅವನ ಮೂಗಿಗೆ ಚಪ್ಪಲಿ ಹಿಡಿದೇ ಓಡಿ ಬಂದಿದ್ದ. ಡಾಕ್ಟರು ಡಯಾಜೆಪಾಮ್ ಇಂಜೆಕ್ಷನ್ ತುಂಬಲು ಹೇಳಿದರು. ಔಷಧ ಎಣ್ಣೆಯಂತೆ ದಪ್ಪವಿದೆ, ಸಲೀಸಾಗಿ ಹೋಗಲಿ ಎಂದು ನಾನು ನನ್ನ ಬುದ್ಧಿಯಿಂದ ಸ್ವಲ್ಪ ಡಿಸ್ಟಿಲ್ಡ್ ವಾಟರ್ ಸೇರಿಸಿದೆ. ಸಿರಿಂಜಿನಲ್ಲಿದ್ದದ್ದು ಕಣ್ಣೆದುರೇ ಬೆಳ್ಳಗಾಯಿತು. ಡಾಕ್ಟರು ಅದನ್ನು ಕಸಿದು ಬದಿಗಿಟ್ಟು, ಬೇರೆ ಆಂಪೂಲ್ ತಾವೇ ಒಡೆದು, ರಕ್ತನಾಳಕ್ಕೆ ಬಹಳ ನಿಧಾನವಾಗಿ ಕೊಟ್ಟರು. ಕಣ್ಣು ಔಷಧದ ಮೇಲಿರಲಿಲ್ಲ, ಅವನ ಎದೆಯ ಮೇಲಿತ್ತು. ಉಸಿರು ಎಣಿಸುತ್ತಿದ್ದರು. ಸೆಟೆದ ಕೈ ನೋಡನೋಡುತ್ತ ಸಡಿಲಾಗಿ ಹಾಸಿಗೆಯ ಮೇಲೆ ಬಿತ್ತು. ಆಮೇಲೆ ನನ್ನ ಕಡೆ ತಿರುಗಿದರು.

"ಲೇ ವಾಸು, ಏನು ಮಾಡೀಯಪಾ ಇದನ್ನ? ಮಜ್ಜಿಗಿ? ತಗೊಂಡ ಹೋಗು, ನಿಮ್ಮವ್ವಗ ಕೊಟ್ಟು ಒಗ್ಗರಣಿ ಹಾಕಿಸು!"

ಹೊರಗೆ ಕೂತ ರೋಗಿಗಳೆಲ್ಲ ನಕ್ಕರು. ನನಗೆ ಬೈಗುಳ ನಾಟಲಿಲ್ಲ. ಆ ಕೈ ಸಡಿಲಾದದ್ದನ್ನೇ ನೆನೆಯುತ್ತಿದ್ದೆ. ಅಂದಿನಿಂದ ಆ ಔಷಧದ ಮೇಲೆ ನನಗೆ ಒಂದು ಬಗೆಯ ಭಕ್ತಿ ಹುಟ್ಟಿತು. ಔಷಧದ ಮೇಲೆ ಭಕ್ತಿ ಒಳ್ಳೆಯದಲ್ಲ. ಅದು ತಿಳಿಯಲು ನನಗೆ ಹತ್ತು ವರ್ಷ ಹಿಡಿಯಿತು.

ಫಾರ್ಮಾಸಿಸ್ಟ್ ಎಂದು ರಿಜಿಸ್ಟ್ರೇಷನ್ ಸಿಕ್ಕ ಮೇಲೆ ಬ್ಯಾಡಗಿಗೆ ಹೋದೆ. ಮೆಣಸಿನಕಾಯಿ ಮಾರುಕಟ್ಟೆಗೆ ಹತ್ತಿರದಲ್ಲಿ ಶಿವಪ್ಪನವರು ಎಂಬುವರ ಮೆಡಿಕಲ್ ಶಾಪು. ಫಾರ್ಮಾಸಿಸ್ಟ್ ನಾನು, ಮಾಲೀಕರು ಅವರು. ಹಂಗಾಮಿನಲ್ಲಿ ಅಂಗಡಿಗೆ ಬಂದವರೆಲ್ಲ ಮೊದಲು ಎರಡು ಸಲ ಸೀನಿ, ಆಮೇಲೆ ಔಷಧ ಕೇಳುತ್ತಿದ್ದರು. ನಾನೂ ಸೀನಿ ಉತ್ತರ ಕೊಡುತ್ತಿದ್ದೆ. ಅಲ್ಲಿ ಬಾಟಲಿ, ಖಲಬತ್ತು, ಗೋಂದು ಏನೂ ಇರಲಿಲ್ಲ. ಎಲ್ಲವೂ ಫಾಯಿಲಿನ ಪಟ್ಟಿಗಳಲ್ಲಿ ಬಂದುಬಿಟ್ಟಿತ್ತು. ಹತ್ತು ಗುಳಿಗೆಯ ಪಟ್ಟಿಯಲ್ಲಿ ಎರಡು ಕತ್ತರಿಸಿ ಕೊಡುವುದೇ ನನ್ನ ವಿದ್ಯೆ. ಓದು ಬಾರದವರಿಗಾಗಿ ಪೊಟ್ಟಣದ ಮೇಲೆ ಸೂರ್ಯ ಬರೆದರೆ ಬೆಳಿಗ್ಗೆ, ಚಂದ್ರ ಬರೆದರೆ ರಾತ್ರಿ. ನನ್ನ ಚಂದ್ರನ ಆಕಾರ ಅಷ್ಟು ಸರಿಯಿರಲಿಲ್ಲ. ಮೋಟೆಬೆನ್ನೂರಿನ ಅಜ್ಜನೊಬ್ಬ ಒಂದು ವಾರ ಗುಳಿಗೆಯನ್ನು ಬಾಳೆಹಣ್ಣಿನಲ್ಲಿಟ್ಟು ನುಂಗಿ, "ಔಷಧ ಚಲೋ ಐತ್ರಿ, ಆದ್ರ ಹಣ್ಣು ತುಟ್ಟಿ ಆತು" ಎಂದು ಬಂದು ಹೇಳಿದ. ಅಂದಿನಿಂದ ಚಂದ್ರನ ಪಕ್ಕ ಎರಡು ಚುಕ್ಕೆ ಸೇರಿಸತೊಡಗಿದೆ.

ಅಲ್ಲಿ ಒಂದು ರೂಢಿ ಇತ್ತು. ಡಾಕ್ಟರು ಒಮ್ಮೆ ಚೀಟಿ ಬರೆದುಕೊಟ್ಟರೆ ಅದು ಜನ್ಮಕ್ಕೆಲ್ಲ ಚೀಟಿ. ಪ್ಲಾಸ್ಟಿಕ್ ಹಾಳೆಯಲ್ಲಿ ಮಡಚಿ ಎಲೆ ಅಡಿಕೆ ಚೀಲದಲ್ಲೋ, ಸೀರೆಯ ಸೆರಗಿನ ಗಂಟಿನಲ್ಲೋ ಇಟ್ಟುಕೊಂಡಿರುತ್ತಿದ್ದರು. ಎಣ್ಣೆ ಹತ್ತಿ, ಅಕ್ಷರ ಅಳಿಸಿ, ಮಡಿಕೆಯಲ್ಲಿ ಹರಿದು ನಾಲ್ಕು ತುಂಡಾಗಿದ್ದರೂ ಅದನ್ನು ಕೌಂಟರಿನ ಮೇಲೆ ಜೋಡಿಸಿಟ್ಟರೆ ನಾವು ಕೊಡುತ್ತಿದ್ದೆವು. ಡಾಕ್ಟರ ಹೊಸ ಚೀಟಿಯಿಲ್ಲದೆ ಮಾರಬಾರದ ಕೆಂಪು ಗೆರೆಯ ಔಷಧವನ್ನೂ ಕೊಡುತ್ತಿದ್ದೆವು. ಸುಳ್ಳು ಯಾಕೆ ಹೇಳಲಿ, ಎಲ್ಲರಿಗೂ ಕೊಟ್ಟಿದ್ದೇನೆ. ಮೆಣಸಿನಕಾಯಿ ಟೆಂಡರಿನ ಹಿಂದಿನ ದಿನ ನಿದ್ದೆ ಬಾರದ ದಲಾಲರು, ಪರೀಕ್ಷೆಗೆ ಹೆದರಿದ ಮಾಸ್ತರರು (ಹುಡುಗರಲ್ಲ, ಮಾಸ್ತರರು), ಹೆರಿಗೆಗೆ ಮಗಳು ಬಂದಿದ್ದಾಳೆ ಎಂದು ಎದೆ ಡವಡವ ಎನ್ನುವ ತಾಯಂದಿರು, ಎಲ್ಲರೂ "ನಿದ್ದಿ ಗುಳಿಗಿ" ಅನ್ನುತ್ತಿದ್ದರು. ಅದೇ ಡಯಾಜೆಪಾಮ್. ಹಮಾಲನ ಕೈ ಸಡಿಲಿಸಿದ ಔಷಧ ಇವರ ಎದೆಯನ್ನೂ ಸಡಿಲಿಸುತ್ತಿದೆ ಎಂದು ನನಗೆ ಒಳಗೊಳಗೇ ಹೆಮ್ಮೆ.

ಗಂಗವ್ವ ಮಾರುಕಟ್ಟೆಯಲ್ಲಿ ಮೆಣಸಿನಕಾಯಿಯ ತುಂಬು, ಅಂದರೆ ತೊಟ್ಟು, ಬಿಡಿಸುವ ಕೆಲಸ ಮಾಡುತ್ತಿದ್ದಳು. ಗಂಡ ಲಾರಿ ಅಪಘಾತದಲ್ಲಿ ಹೋದ ಮೇಲೆ ಕಣ್ಣಿಗೆ ನಿದ್ದೆ ಹತ್ತದೆ, ದೊಡ್ಡ ಡಾಕ್ಟರ ಹತ್ತಿರ ಹೋಗಿ ಚೀಟಿ ತಂದಿದ್ದಳು. ಹದಿನೈದು ದಿನ, ರಾತ್ರಿ ಒಂದು ಎಂದು ಬರೆದಿತ್ತು. ಆ ಹದಿನೈದು ದಿನ ಮೂರು ವರ್ಷ ನಡೆಯಿತು. ರಾತ್ರಿ ಒಂದು ಇದ್ದದ್ದು ದಿನಕ್ಕೆ ಎರಡಾಯಿತು, ಮೂರಾಯಿತು, ಕಡೆಗೆ ಐದಾಯಿತು. ಅವಳ ಮಗಳು ರೇಣುಕಾ ಟೈಪಿಂಗ್ ಕ್ಲಾಸಿಗೆ ಹೋಗುವಾಗ ತಾಯಿಯ ಗುಳಿಗೆ ಒಯ್ಯುತ್ತಿದ್ದಳು. ನಾನು ಒಂದು ದಿನವೂ ಯಾಕೆ ಎಂದು ಕೇಳಲಿಲ್ಲ.

ಆಮೇಲೆ ಒಂದು ಸಲ ಔಷಧ ವ್ಯಾಪಾರಿಗಳಿಗೆಲ್ಲ ಹಾವೇರಿಯಲ್ಲಿ ಒಂದು ದಿನದ ತಿಳಿವಳಿಕೆ ಸಭೆ ನಡೆಯಿತು. ಈ ನಿದ್ದೆ ಗುಳಿಗೆಗಳು ಚಟ ಹತ್ತಿಸುತ್ತವೆ, ಹಳೆಯ ಚೀಟಿಗೆ ಕೊಡುವುದು ಅಪರಾಧ ಎಂದು ಅಲ್ಲಿ ಹೇಳಿದರು. ಅದು ಖರೆಯೇ. ಅವರು ಮಧ್ಯಾಹ್ನದ ಊಟದ ನಂತರ ಇನ್ನೂ ಏನೋ ಹೇಳಿರಬೇಕು. ಹೋಳಿಗೆ ಊಟವಾಗಿತ್ತು, ನನಗೆ ತೂಕಡಿಕೆ ಬಂದಿತ್ತು. ಅರ್ಧ ಪಾಠ ಕಲಿತವನ ಉತ್ಸಾಹ ಹೊತ್ತು ಮರುದಿನ ಅಂಗಡಿಯಲ್ಲಿ ಬೋರ್ಡು ಬರೆದು ತೂಗುಹಾಕಿದೆ: ಹಳೆ ಚೀಟಿಗೆ ಗುಳಿಗೆ ಇಲ್ಲ. ಅಂದು ಸಂಜೆ ಗಂಗವ್ವ ತಾನೇ ಬಂದಳು. ಅವಳ ಚೀಟಿಯನ್ನು ನಾಲ್ಕು ಜನರ ಮುಂದೆ ಹರಿದು ಬುಟ್ಟಿಗೆ ಹಾಕಿದೆ.

"ಅಣ್ಣಾರ, ಹಿಂಗ ಒಮ್ಮಿಗೇ ಅಂದ್ರ ಹೆಂಗ್ರಿ? ಎರಡರ ಕೊಡ್ರಿ."

"ಗಂಗವ್ವ, ಇದು ಚಟ. ನಾಕು ದಿನ ಹಲ್ಲು ಕಚ್ಚಿ ಹಿಡಿ, ತಾನೇ ಬಿಡತೈತಿ."

ಮೂರನೆಯ ದಿನ ಮತ್ತೆ ಬಂದಳು. ಹಣೆಯ ಮೇಲೆ ಬೆವರು, ಕೈಬೆರಳು ನಡುಗುತ್ತಿದ್ದವು. ಪಕ್ಕದಲ್ಲಿ ಸೈಕಲ್ ಬೆಲ್ಲು ಬಾರಿಸಿದ್ದಕ್ಕೆ ಬೆಚ್ಚಿ ಕೌಂಟರು ಹಿಡಿದುಕೊಂಡಳು. ನಾಟಕ ಚೆನ್ನಾಗಿ ಮಾಡುತ್ತಾಳೆ ಎಂದುಕೊಂಡೆ. ನನ್ನ ವೃತ್ತಿಯಲ್ಲಿ ನಾನು ಪಟ್ಟ ಅತಿ ದೊಡ್ಡ ನಾಚಿಕೆ ಆ ಒಂದು ಯೋಚನೆ. ಬೇರೆ ಅಂಗಡಿಗೆ ಹೋಗಿ ಕೇಳಿಯಾಳು ಎಂದು, ಗೊತ್ತಿದ್ದ ಇನ್ನಿಬ್ಬರು ಅಂಗಡಿಯವರಿಗೂ ಕೊಡಬೇಡಿ ಎಂದು ಹೇಳಿಟ್ಟಿದ್ದೆ. ಅಷ್ಟು ಶಿಸ್ತು ನನ್ನದು.

ಎಂಟನೆಯ ದಿನ ಬೆಳಿಗ್ಗೆ ಮಾರುಕಟ್ಟೆಯಲ್ಲಿ ತುಂಬು ಬಿಡಿಸುತ್ತ ಕೂತವಳು ಹಾಗೇ ಮೆಣಸಿನಕಾಯಿ ರಾಶಿಯ ಮೇಲೆ ಬಿದ್ದಳು. ಕೂಗು ಕೇಳಿ ಓಡಿಹೋದೆ. ಮೈಯೆಲ್ಲ ಸೆಟೆದು ಅದುರುತ್ತಿತ್ತು. ಯಾರೋ ಅವಳ ಮುಷ್ಟಿಯಲ್ಲಿ ಬೀಗದ ಕೈ ಗೊಂಚಲು ತುರುಕಿದ್ದರು. ಘಾಟಿಗೆ ಬಿದ್ದಳು ಎಂದು ಒಬ್ಬರು, ಮೂರ್ಛೆ ರೋಗ ಎಂದು ಹತ್ತು ಜನ. ದಲಾಲರೊಬ್ಬರ ಜೀಪಿನಲ್ಲಿ ಹಾಕಿಕೊಂಡು ರಾಣೆಬೆನ್ನೂರಿಗೆ ಹೊರಟೆವು. ದಾರಿಯಲ್ಲಿ ಅವಳನ್ನು ಒಂದು ಮಗ್ಗುಲಿಗೆ ತಿರುಗಿಸಿ ಹಿಡಿದು ಕೂತಿದ್ದೆ. ಮೋಟೆಬೆನ್ನೂರು ದಾಟುವಾಗ ಫಿಟ್ಸು ಎರಡನೆಯ ಸಲ ಬಂತು. ಸುದ್ದಿ ಕೇಳಿ ಓಡಿಬಂದು ಜೀಪು ಹತ್ತಿದ್ದ ರೇಣುಕಾ ತಾಯಿಯ ಕಾಲು ಹಿಡಿದುಕೊಂಡು, "ಅವ್ವಾ, ಅವ್ವಾ" ಎಂದಷ್ಟೇ ಅನ್ನುತ್ತಿದ್ದಳು.

ದೊಡ್ಡ ಡಾಕ್ಟರಿಗೆ ವಯಸ್ಸಾಗಿತ್ತು, ಧ್ವನಿಗೆ ಆಗಿರಲಿಲ್ಲ. ಅದೇ ಇಂಜೆಕ್ಷನ್, ಅದೇ ನಿಧಾನ, ಅದೇ ಉಸಿರು ಎಣಿಕೆ. ಗಂಗವ್ವ ಶಾಂತಳಾದ ಮೇಲೆ ರೇಣುಕಾಳನ್ನು ಹೊರಗೆ ಕಳಿಸಿ, ಏನೇನು ತೆಗೆದುಕೊಳ್ಳುತ್ತಿದ್ದಳು ಎಂದು ನನ್ನನ್ನು ಕೇಳಿದರು. ಹೇಳಿದೆ. ಯಾವಾಗ ನಿಲ್ಲಿಸಿದಳು ಎಂದರು. ಅದನ್ನೂ ಹೇಳಿದೆ, ಬೋರ್ಡಿನ ಸಮೇತ.

ಅವರು ಕೂಗಾಡಲಿಲ್ಲ. ಅದಕ್ಕೇ ನನಗೆ ಭಯವಾಯಿತು. "ವಾಸು, ಮೂರು ವರ್ಷ ಕಣ್ಣು ಮುಚ್ಚಿ ಕೊಟ್ಟಿ. ಒಂದು ದಿನ ಕಣ್ಣು ಮುಚ್ಚಿ ನಿಲ್ಲಿಸಿದಿ. ಫಿಟ್ಸು ನಿಲ್ಲಸೂ ಔಷಧ ಒಮ್ಮಿಗೇ ಕಿತಗೊಂಡ್ರ ಅದೇ ಫಿಟ್ಸು ತರತೈತಿ. ಮೈ ಅದಕ್ಕ ಹೊಂದಿಕೊಂಡಿರತೈತಲಾ, ಮೆಟ್ಟಲಾ ಮೆಟ್ಟಲಾ ಇಳಿಸಬೇಕು. ನೀ ಮಾಳಗಿ ಮ್ಯಾಲಿಂದ ದೂಡಿದಿ." ಆಮೇಲೆ ಸಿರಿಂಜು ಕುದಿಯಲು ಇಡುತ್ತ, "ನನ್ನದೂ ತಪ್ಪೈತಿ. ಹದಿನೈದು ದಿನ ಆದಮ್ಯಾಲ ಬಾ ಅಂತ ಚೀಟಿ ಮ್ಯಾಲ ಬರೀಲಿಲ್ಲ" ಎಂದರು.

ಗಂಗವ್ವನಿಗೆ ಔಷಧ ಮತ್ತೆ ಶುರುಮಾಡಿ, ಕೆಲವು ತಿಂಗಳಲ್ಲಿ ಇಳಿಸುತ್ತ ಬರುವುದು ಎಂದು ನಿರ್ಧಾರವಾಯಿತು. ಗುಳಿಗೆ ಅರ್ಧ ಮಾಡಬಹುದು, ಕಾಲು ಮಾಡುವುದೇ ಕಷ್ಟ. ಅದಕ್ಕಿಂತ ಸಣ್ಣ ಮೆಟ್ಟಿಲು ಬೇಕಿತ್ತು. ಡಾಕ್ಟರು ಅಟ್ಟದ ಮೇಲಿನಿಂದ ಹಳೆಯ ಖಲಬತ್ತು, ತಕ್ಕಡಿ ಇಳಿಸಿಕೊಟ್ಟರು. ಗುಳಿಗೆಯನ್ನು ನುಣ್ಣಗೆ ಅರೆದು, ಔಷಧಕ್ಕೆ ಬೆರೆಸುವ ಹಾಲಿನ ಸಕ್ಕರೆಯ (ಲ್ಯಾಕ್ಟೋಸ್) ಪುಡಿಯನ್ನು ಸ್ವಲ್ಪಸ್ವಲ್ಪವೇ ಬೆರೆಸಿ, ಅವರು ಬರೆದುಕೊಟ್ಟ ತೂಕಕ್ಕೆ ಪೊಟ್ಟಣ ಕಟ್ಟಿದೆ. ಪ್ರತಿ ಹದಿನೈದು ದಿನಕ್ಕೆ ಪುಡಿಯಲ್ಲಿ ಔಷಧದ ಪಾಲು ಒಂದಿಷ್ಟು ಕಡಿಮೆ. ಪಾಲು ಇಳಿಯುತ್ತಿದೆ ಎಂದು ಗಂಗವ್ವನಿಗೂ ಹೇಳಿಯೇ ಕೊಡುತ್ತಿದ್ದೆವು. ಅಂಗಡಿ ಮುಚ್ಚಿದ ಮೇಲೆ ಒಬ್ಬನೇ ಕೂತು ಅರೆಯುವಾಗ ಕೈಗೆ ಹಳೆಯ ಲಯ ತಾನಾಗಿ ಬಂತು. ಇಂಥ ಕಾರಣಕ್ಕೆ ಬಂತಲ್ಲ ಎಂದು ಸಂಕಟವೂ ಆಗುತ್ತಿತ್ತು.

ಇಲ್ಲಿಗೆ ಮುಗಿದಿದ್ದರೆ ನಾನು ಪಾರಾಗಿಬಿಡುತ್ತಿದ್ದೆ. ಆದರೆ ರೇಣುಕಾಳಿಗೆ ಕುಪ್ಪೇಲೂರಿನ ಫಕ್ಕೀರಪ್ಪ ಎಂಬುವರ ಮನೆಯಿಂದ ಸಂಬಂಧ ಬಂದಿತ್ತು. ಹುಡುಗ ಕುಮಾರಪಟ್ಟಣದ ಫ್ಯಾಕ್ಟರಿಯಲ್ಲಿ ಕೆಲಸಕ್ಕಿದ್ದ. ನೋಡುವ ಶಾಸ್ತ್ರ ಮುಗಿದು, ನಿಶ್ಚಯದ ದಿನ ಹುಡುಕುತ್ತಿದ್ದರು. ಮಾರುಕಟ್ಟೆಯಲ್ಲಿ ಆದ ಸುದ್ದಿ ಆ ದಿನವೇ ಬಸ್ಸು ಹತ್ತಿ ಅವರ ಮನೆಗೆ ಹೋಗಿತ್ತು. ತಾಯಿಗೆ ಮೂರ್ಛೆ ಇದೆ, ನಾಳೆ ಮಗಳಿಗೂ ಬರುತ್ತದೆ, ಮೊಮ್ಮಕ್ಕಳಿಗೂ ಬರುತ್ತದೆ ಎಂದು. ಇನ್ನು ಸ್ವಲ್ಪ ದಿನ ನೋಡೋಣ ಎಂದು ಹೇಳಿಕಳಿಸಿದರು. ಹಾಗೆಂದರೆ ಏನು ಎಂದು ನಮ್ಮ ಕಡೆ ಎಲ್ಲರಿಗೂ ಗೊತ್ತು. ರೇಣುಕಾ ಪುಡಿ ಒಯ್ಯಲು ಬಂದಾಗ ಹೇಳಿದಳು. ಅಳಲಿಲ್ಲ. "ಅವ್ವಗ ಮಾತ್ರ ಹೇಳಬ್ಯಾಡ್ರಿ, ತನ್ನಿಂದ ಆತು ಅಂತಾಳ" ಎಂದಳು.

ಶಿವಪ್ಪನವರಿಗೆ ವಿಷಯ ತಿಳಿಸಿ, ಕುಪ್ಪೇಲೂರಿಗೆ ಹೋಗಿ ನಿಜ ಹೇಳಿಬರುತ್ತೇನೆ ಎಂದೆ. ಅವರು ಬಾಗಿಲ ಕಡೆ ನೋಡಿ ಧ್ವನಿ ತಗ್ಗಿಸಿದರು. "ವಾಸಣ್ಣಾ, ಹೋಗಿ ಹೇಳಿದರ ಅಂಗಡಿ ಹೆಸರು ಹೋಗತೈತಿ. ಯಾರರ ಅರ್ಜಿ ಗೀರ್ಜಿ ಹಾಕಿದರ ನಿನ್ನ ರಿಜಿಸ್ಟ್ರೇಷನ್ನೂ ಹೋಗತೈತಿ. ನಿನಗೂ ಮಕ್ಕಳದಾವ. ತಣ್ಣಗಾಗಲಿ ಬಿಡು."

ಎರಡು ದಿನ ತಣ್ಣಗಾಗಲು ಬಿಟ್ಟೆ. ಆಗಲಿಲ್ಲ. ಕೌಂಟರಿನಲ್ಲಿ ನಿಂತು ಎದೆ ಡವಡವ ಎಂದಾಗ ಡ್ರಾಯರಿನಲ್ಲಿದ್ದ ಅದೇ ಗುಳಿಗೆಯ ಕಡೆ ಕೈ ಹೋಯಿತು. ಆಗ ನನಗೆ ಗಂಗವ್ವ ಅರ್ಥವಾದಳು. ಡ್ರಾಯರು ಮುಚ್ಚಿ, ಮರುದಿನ ರಜೆ ಹಾಕಿ, ಕುಪ್ಪೇಲೂರಿನ ಬಸ್ಸು ಹತ್ತಿದೆ.

ಫಕ್ಕೀರಪ್ಪನವರು ಪಡಸಾಲೆಯಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದರು. ಅವರ ಹೆಂಡತಿ ನೀಲವ್ವ ನೀರು, ಬೆಲ್ಲ ತಂದಿಟ್ಟು ಬಾಗಿಲ ಹತ್ತಿರ ನಿಂತರು. ನಾನು ಯಾರೆಂದು ಹೇಳಿ, ನಡೆದದ್ದನ್ನು ಮೊದಲಿನಿಂದ ಹೇಳಿದೆ. ಚೀಟಿ ಹರಿದದ್ದು, ನಡುಗುವ ಕೈಯನ್ನು ನಾಟಕ ಅಂದುಕೊಂಡದ್ದು, ಒಂದನ್ನೂ ಬಿಡಲಿಲ್ಲ.

"ಆಕಿಗೆ ಮೂರ್ಛೆ ರೋಗ ಇಲ್ರಿ. ಗುಳಿಗಿ ಒಮ್ಮಿಗೇ ನಿಲ್ಲಿಸಿದ್ದಕ್ಕ ಬಂತು. ನಿಲ್ಲಿಸಿದಾಂವ ನಾನು. ಬೇಕಾದ್ರ ರಾಣೆಬೆನ್ನೂರ ಡಾಕ್ಟರನ್ನ ಕೇಳ್ರಿ. ಮಗಳಿಗೆ ಇದು ಹೆಂಗ ಬರತೈತ್ರಿ?"

ಫಕ್ಕೀರಪ್ಪನವರು ಹಗ್ಗ ಕೆಳಗಿಟ್ಟರು. "ಇಷ್ಟು ಹೇಳಾಕ ಬ್ಯಾಡಗಿಯಿಂದ ಬಂದೀರಿ?"

"ಹೌದ್ರಿ."

"ನಿಮಗ ಇದರಾಗ ಏನು ಬರತೈತಿ?"

"ಏನೂ ಬರೂದಿಲ್ರಿ. ಹೋದರ ಕೆಲಸ ಹೋದೀತು."

ಅವರು ಹೆಂಡತಿಯ ಮುಖ ನೋಡಿದರು. ನೀಲವ್ವ ಅಲ್ಲಿಂದಲೇ ಕೇಳಿದರು, "ಅಣ್ಣಾರ, ಇದನ್ನ ಗಂಗವ್ವಗ ಹೇಳೀರೇನು? ನಿನ್ನ ಜಡ್ಡಲ್ಲ, ನನ್ನ ತಪ್ಪು ಅಂತ?"

ಹೇಳಿರಲಿಲ್ಲ. ಪುಡಿ ಕಟ್ಟಿದ್ದೆ, ಎಣಿಸಿ ಕೊಟ್ಟಿದ್ದೆ, ಬಿಸಿಲಲ್ಲಿ ತಿರುಗಬೇಡ, ಹಾಲು ಕುಡಿ ಎಂದೆಲ್ಲ ಉಪದೇಶ ಮಾಡಿದ್ದೆ. ಗುಳಿಗೆ ಬಿಟ್ಟದ್ದಕ್ಕೆ ಹೀಗಾಯಿತು ಎಂದು ಡಾಕ್ಟರು ಅವಳಿಗೆ ಹೇಳಿರುತ್ತಾರೆ ಎಂದು ನಾನು, ವಾಸು ಹೇಳಿರುತ್ತಾನೆ ಎಂದು ಡಾಕ್ಟರು ಬಿಟ್ಟಿದ್ದೆವು.

"ಮದಲ ಆಕಿಗೆ ಹೇಳ್ರಿ," ಎಂದರು ನೀಲವ್ವ. "ನಾವು ಸೋಮವಾರ ಬರತೇವಿ, ಎಲಿ ಅಡಕಿ ತಗೊಂಡು. ಆದ್ರ ಅಷ್ಟ್ರಾಗ ಆಕಿಗೆ ಗೊತ್ತಾಗಿರಬೇಕು. ಬೀಗತಿ ತಲಿ ತಗ್ಗಿಸಿಕೊಂಡು ನಮ್ಮ ಮುಂದ ಕುಂದರಬಾರದು."

ಬ್ಯಾಡಗಿಯಲ್ಲಿ ಇಳಿದಾಗ ಸಂಜೆಯಾಗಿತ್ತು. ನೇರ ಗಂಗವ್ವನ ಮನೆಗೆ ಹೋದೆ. ಒಂದು ಕೋಣೆಯ ಮನೆ, ಮುಂದೆ ಗೇಣು ಎತ್ತರದ ಕಟ್ಟೆ. ಕಟ್ಟೆಯ ಮೇಲೆ ಚಾಪೆ, ಕಂಬಳಿ, ಒಂದು ತಂಬಿಗೆ ನೀರು. ಗಂಗವ್ವ ಅಲ್ಲಿಯೇ ಕೂತಿದ್ದಳು. ಹಣೆಯ ಮೇಲೆ ದೇವರಗುಡ್ಡದ ಗುಡಿಯಿಂದ ತಂದ ಭಂಡಾರ ಹಳದಿಯಾಗಿ ಮೆತ್ತಿತ್ತು. ಥಂಡಿಯಲ್ಲಿ ಹೊರಗೆ ಯಾಕೆ ಎಂದು ಕೇಳಿದೆ.

"ನಾ ಈಗ ಇಲ್ಲೇ ಮಲಗತೇನ್ರಿ, ಅವತ್ತಿಂದ," ಎಂದಳು. "ಹುಡುಗಿ ಮಗ್ಗಲದಾಗ ಮಲಗಿದರ ಈ ಜಡ್ಡು ಆಕಿಗೂ ಹತ್ತೀತು. ತಾಟು, ತಂಬಿಗಿ ಎಲ್ಲಾ ಬ್ಯಾರೆ ಮಾಡಿಕೊಂಡೇನಿ. ಆಕಿದೊಂದು ಮದಿವಿ ಆಗಲಿ ಸಾಕು."

ನಾನು ಕಟ್ಟೆಯ ಕೆಳಗೆ ನೆಲದ ಮೇಲೆ ಕೂತೆ. ಯಾವ ಗ್ರಾಹಕರ ಮುಂದೆಯೂ ಹಾಗೆ ಕೂತವನಲ್ಲ. ಸಂಬಂಧ ನಿಂತಿದ್ದ ಮಾತೊಂದನ್ನು ಬಿಟ್ಟು, ನಡೆದದ್ದನ್ನೆಲ್ಲ ಮತ್ತೊಮ್ಮೆ ಹೇಳಿದೆ. ಕುಪ್ಪೇಲೂರಿನಲ್ಲಿ ಹೇಳಿದ್ದಕ್ಕಿಂತ ಇಲ್ಲಿ ಹೇಳುವುದು ಎಷ್ಟೋ ಕಷ್ಟವಾಯಿತು. ಅವಳು ಬೈಯಲಿ ಎಂದು ಕಾಯುತ್ತಿದ್ದೆ. ಹೊಡೆದಿದ್ದರೂ ಸುಮ್ಮನಿರುತ್ತಿದ್ದೆ.

ಗಂಗವ್ವ ಕಟ್ಟೆಯ ಅಂಚಿಗೆ ಸರಿದು ಕೇಳಿದಳು, "ಅಂದ್ರ, ನನಗ ಜಡ್ಡಿಲ್ಲ?"

"ಇಲ್ಲವ್ವ."

"ಹುಡುಗಿಗೆ ಹತ್ತೂದಿಲ್ಲ?"

"ಹತ್ತೂದಿಲ್ಲ. ಅದು ಹತ್ತುವಂಥಾ ಜಡ್ಡೂ ಅಲ್ಲ. ನನ್ನ ತಪ್ಪು ಅದು."

"ಮತ್ತ ಇಷ್ಟು ದಿನ ಯಾಕ ಹೇಳಲಿಲ್ರಿ ಅಣ್ಣಾರ?" ಎಂದಳು. ಆಗ ಅವಳ ಧ್ವನಿ ಒಡೆಯಿತು. ಸೆರಗು ಬಾಯಿಗೆ ಒತ್ತಿಕೊಂಡು ಮೈಯೆಲ್ಲ ಅಲುಗುವಂತೆ ಅತ್ತಳು. ಆಮೇಲೆ ಮುಖ ಒರೆಸಿಕೊಂಡು ಒಳಗೆ ತಿರುಗಿ, ಸಿಟ್ಟೋ ಸಂತೋಷವೋ ತಿಳಿಯದ ಧ್ವನಿಯಲ್ಲಿ ಕೂಗಿದಳು.

"ರೇಣೂ, ಬಾ ಇಲ್ಲೆ. ನನ್ನ ಹಾಸಿಗಿ ಒಳಗ ಹಾಕು."

ರೇಣುಕಾ ಬಾಗಿಲ ಹಿಂದೆಯೇ ಇದ್ದಳು. ಏನೂ ಕೇಳದೆ ಚಾಪೆ ಸುತ್ತಿ, ಕಂಬಳಿ ಹೆಗಲಿಗೆ ಹಾಕಿಕೊಂಡು ಒಳಗೆ ಹೋದಳು. ತನ್ನ ಹಾಸಿಗೆಯನ್ನು ಗೋಡೆಯ ಕಡೆ ಸರಿಸಿ ತಾಯಿಯದಕ್ಕೆ ಜಾಗ ಮಾಡುವುದು ಹೊರಗಿನಿಂದಲೇ ಕಾಣುತ್ತಿತ್ತು. ನಾನು ಎದ್ದು ಚಪ್ಪಲಿ ಮೆಟ್ಟಿಕೊಂಡೆ.